ಆ ವರ್ಷ ನಾವು ತೆನೆ ಹಂಚಲಿಲ್ಲ

ಹಸಿ ಭತ್ತದ ತೆನೆಯ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಬೇರೆಯವರಿಗೆ ಹೊಲ ನೆನಪಾಗಬಹುದು, ಹಬ್ಬ ನೆನಪಾಗಬಹುದು. ನನಗೆ ಮೈ ಉರಿಯುತ್ತದೆ. ಮೊನ್ನೆ ಶಾಲೆ ಮುಗಿಸಿಕೊಂಡು ಬೆಳಗಾವಿಯಿಂದ ಬಂದು ಖಾನಾಪುರ ಬಸ್ ನಿಲ್ದಾಣದಲ್ಲಿ ಇಳಿದೆ. ಅದೇ ಹೊತ್ತಿಗೆ ಜಾಂಬೋಟಿ ಬಸ್ಸಿನಿಂದ ಒಬ್ಬ ಹೆಂಗಸು ಒದ್ದೆ ಬಟ್ಟೆಯಲ್ಲಿ ಸುತ್ತಿದ ತೆನೆಯ ಕಟ್ಟು ಹಿಡಿದು ಇಳಿದಳು. ಇನ್ನೂ ಹಾಲು ಗಟ್ಟಿಯಾಗದ ಹಸಿರು ತೆನೆ. ನಮ್ಮ ಚರ್ಚಿಗೆ ತಂದದ್ದು. ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ವಾರ ಹೀಗೇ ಬರುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಐದು ವರ್ಷದ ಹಿಂದಿನ ಮಳೆಗಾಲ ಪೂರ್ತಿ ನೆನಪಾಯಿತು.

ಕ್ಷಮಿಸಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದೇನೆ. ಆದರೆ ಕ್ಷಮಿಸುವ ಮೊದಲು ಏನಾಯಿತು ಎಂದಾದರೂ ಬಾಯಿ ಬಿಟ್ಟು ಹೇಳಬೇಕಲ್ಲ? ನಮ್ಮವರು ಅದನ್ನೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತೇನೆ.

ಮೊದಲು ಬ್ರಿಜಿತ್ ಮಾವ್ಶಿಯ ವಿಷಯ. ಮಾವ್ಶಿ ಎಂದರೆ ನನ್ನ ತಾಯಿಯ ಅಕ್ಕ. ನಾನು ಹುಟ್ಟಿದ ದಿನವೇ ತಾಯಿ ತೀರಿಹೋದಳು. ಮದುವೆಯಾಗದ ಮಾವ್ಶಿ ನನ್ನನ್ನು ಸಾಕಿದಳು. ಆ ದಿನದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾವ್ಶಿ ಸರಕಾರಿ ನರ್ಸ್. ಖಾನಾಪುರ ತಾಲೂಕಿನ ಅರ್ಧ ಮಂದಿ ಹುಟ್ಟಿದ್ದು ಅವಳ ಕೈಯಲ್ಲಿ ಎಂದು ಜನ ಹೇಳುತ್ತಿದ್ದರು. ಅವಳಿಗೆ ಊರಿಟ್ಟ ಹೆಸರು ನರ್ಸಬಾಯಿ. ಜಾಂಬೋಟಿ ರಸ್ತೆಯ ಕೆಸರಲ್ಲಿ ಜಾರಿ ಬಿದ್ದು ಎಡಗಾಲು ಎಳೆದು ನಡೆಯುತ್ತಿದ್ದಳು. ಕೈಯಲ್ಲಿ ಯಾವಾಗಲೂ ಒಂದು ಕರಿ ಛತ್ರಿ. ನಿವೃತ್ತಿಯಾದ ಮೇಲೂ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಹಸಗೂಸಿಗೆ ಎರೆಯಲು ಅವಳೇ ಹೋಗಬೇಕು. ಎರಡೂ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಳು. ಮನೆಯಲ್ಲಿ ನಮ್ಮದು ಕೊಂಕಣಿ. ಆದರೆ ಬೈಯುವುದು, ಚೇಷ್ಟೆ ಮಾಡುವುದು ಎಲ್ಲ ಕನ್ನಡದಲ್ಲೇ. ಹೆರಿಗೆ ಕೋಣೆಯಲ್ಲಿ ಕಲಿತ ಕನ್ನಡ ಅದು, ಬಲು ಖಾರ.

ಮಾತೆ ಮರಿಯಮ್ಮನ ಹುಟ್ಟಿದ ಹಬ್ಬದ ದಿನ ನಮ್ಮ ಚರ್ಚಿನಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಕೊಡುತ್ತಾರೆ. ಅದರ ಕಾಳು ಬಿಡಿಸಿ ಹಾಲಿನಲ್ಲೋ ಪಾಯಸದಲ್ಲೋ ಹಾಕಿ ಮನೆಮಂದಿ ಕೂಡಿ ಉಣ್ಣುವುದು. ಮಾವ್ಶಿ ಒಂದು ಬುಟ್ಟಿ ಹೆಚ್ಚಿಗೆ ತರುತ್ತಿದ್ದಳು. ಓಣಿಯ ಮರಾಠರ ಮನೆ, ಜೈನರ ಮನೆ, ಮುಸಲ್ಮಾನರ ಮನೆ, ಯಾವುದನ್ನೂ ಬಿಡದೆ ಒಂದೊಂದು ತೆನೆ. ಅವರು ಅದನ್ನು ಬಾಗಿಲ ಮೇಲೆ ಸಿಕ್ಕಿಸುತ್ತಿದ್ದರು. ಹೊಸ ಬೆಳೆಯ ಸಂತೋಷ, ಅಷ್ಟೇ. ಅದರಲ್ಲಿ ಇನ್ನೇನೂ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಬೆಳಗಾವಿಯ ಮಹಾಂತೇಶ ನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಶಾಲೆಯ ಕಾರ್ಯಕ್ರಮಕ್ಕೆ ಒಬ್ಬ ಹೆಸರಾಂತ ಕಾದಂಬರಿಕಾರ ಬಂದಿದ್ದ. ಹೆಸರು ಹೇಳಿ ಅವನಿಗೆ ಇನ್ನಷ್ಟು ಪ್ರಚಾರ ಕೊಡಲಾರೆ. ಅವನ ಪುಸ್ತಕಗಳನ್ನು ಸಾಲುಗಟ್ಟಿ ಓದಿದ್ದವಳು ನಾನು. ಖಾನಾಪುರದ ಕಾಡು ನೋಡಬೇಕು ಅಂದ. ಬರ್ರಿ, ನಮ್ಮ ಮನೆಗೇ ಊಟಕ್ಕೆ ಬರ್ರಿ ಅಂದೆ. ತೆನೆ ಹಬ್ಬದ ಮರುದಿನ ಬಂದ. ಮಾವ್ಶಿ ಅನ್ನ ಬಡಿಸಿದಳು. ನಾನು ಬಡಬಡ ಮಾತಾಡಿದೆ. ತೆನೆ ಹಂಚುವುದು, ಹಸಗೂಸಿಗೆ ಎರೆಯುವುದು ಎಲ್ಲ ಹೇಳಿದೆ. ಕೂಸನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ದೀಕ್ಷಾಸ್ನಾನವನ್ನು ಫಾದರ್ ಮಾತ್ರ ಕೊಡಬೇಕೇ ಎಂದು ಕೇಳಿದ. ಇಲ್ಲ ಸರ್, ನಮ್ಮವರ ಕೂಸು ಸಾಯುವ ಹಾಗಿದ್ದರೆ, ಫಾದರ್ ಬರುವಷ್ಟು ಸಮಯ ಇಲ್ಲದಿದ್ದರೆ, ಹತ್ತಿರ ಇದ್ದ ಯಾರಾದರೂ ತಲೆ ಮೇಲೆ ನೀರು ಹಾಕಿ ಪ್ರಾರ್ಥನೆ ಹೇಳಬಹುದು ಅಂದೆ. ನನ್ನ ಧರ್ಮದ ಬಗ್ಗೆ ಒಬ್ಬ ದೊಡ್ಡ ಲೇಖಕ ಕೇಳುತ್ತಿದ್ದಾನೆ ಎಂಬ ಹಿಗ್ಗು ನನಗೆ. ಅವನು ಸಣ್ಣ ಡೈರಿಯಲ್ಲಿ ಬರೆದುಕೊಂಡ. ಮಾವ್ಶಿ ಇನ್ನೊಂದು ಸಾರಿ ಅನ್ನ ನೀಡಿದಳು.

ಮರುವರ್ಷ ಜೂನ್‌ನಲ್ಲಿ ಕಾದಂಬರಿ ಬಂತು. ಮೊದಲ ಮಳೆಯಲ್ಲಿ ನೆನೆಯುತ್ತ ಅಂಗಡಿಗೆ ಹೋಗಿ ತಂದೆ. ಬೆಳಗಾವಿ ಬಸ್ಸಿನಲ್ಲಿ ನಿಂತುಕೊಂಡೇ ಓದಲು ಶುರು ಮಾಡಿದೆ. ಖಾನಾಪುರದಲ್ಲಿ ಇಳಿದು ನಿಲ್ದಾಣದಲ್ಲೇ ನಿಂತು ಅದೇ ಪುಟಗಳನ್ನು ಮತ್ತೊಮ್ಮೆ ಓದಿದೆ.

ಅದರಲ್ಲಿ ಬೆಳಗಾವಿಗೂ ಗೋವೆಯ ಕಾಡಿಗೂ ನಡುವಿನ ಒಂದು ಊರು. ಊರಿನ ಹೆಸರೂ ನಮ್ಮದೇ. ಅಲ್ಲೊಬ್ಬ ಕ್ರಿಶ್ಚನ್ ನರ್ಸ್, ಎಡಗಾಲು ಕುಂಟು, ಕೈಯಲ್ಲಿ ಕರಿ ಛತ್ರಿ. ಬೇರೆ ಧರ್ಮದವರ ಹಸಗೂಸುಗಳಿಗೆ ಎರೆಯುವ ನೆಪದಲ್ಲಿ ಗುಟ್ಟಾಗಿ ದೀಕ್ಷಾಸ್ನಾನದ ನೀರು ಹಾಕುತ್ತಾಳೆ. ಕೂಸುಗಳ ಹೆಸರನ್ನು ಚರ್ಚಿನ ಪುಸ್ತಕದಲ್ಲಿ ಬರೆಸುತ್ತಾಳೆ. ನೀರು ಬಿದ್ದ ಮನೆ ಯಾವುದು ಎಂದು ಗುರುತು ಸಿಗಲಿ ಎಂದು ಪ್ರತಿ ಸೆಪ್ಟೆಂಬರಿನಲ್ಲಿ ಆ ಮನೆಯ ಬಾಗಿಲಿಗೆ ಒಂದು ಹಸಿರು ತೆನೆ ಸಿಕ್ಕಿಸುತ್ತಾಳೆ.

ಥೂ! ನಮ್ಮವರಲ್ಲಿ ಕೆಟ್ಟವರು ಇಲ್ಲವೇ? ಧಾರಾಳವಾಗಿ ಇದ್ದಾರೆ. ಒಬ್ಬ ಕೆಟ್ಟ ಪಾದ್ರಿಯ ಕಥೆ ಬರೆದಿದ್ದರೆ ನಾನೇ ಓದಿ ಭೇಷ್ ಅನ್ನುತ್ತಿದ್ದೆ, ಮಕ್ಕಳಿಗೂ ಓದಿಸುತ್ತಿದ್ದೆ. ಕಾದಂಬರಿಕಾರ ನಮ್ಮನ್ನು ಹೊಗಳಬೇಕು ಎಂದು ನಾನು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಉಂಡು, ನಮ್ಮ ಪ್ರೀತಿಯ ಕೆಲಸವನ್ನೇ ಎತ್ತಿಕೊಂಡು, ಅದಕ್ಕೆ ಕಳ್ಳತನದ ಅರ್ಥ ಕಟ್ಟಬಾರದಿತ್ತು.

ಮಾವ್ಶಿಗೆ ಓದಿ ಹೇಳಿದೆ. ಹೊರಗೆ ಮಳೆ ಸುರಿಯುತ್ತಿತ್ತು. ಕಾದಂಬರಿಯ ನರ್ಸ್ ಹೆರಿಗೆ ಮಾಡಿಸುವ ಪುಟಕ್ಕೆ ಅವಳು ಮೊದಲು ನಕ್ಕಳು.

“ಹೆರಿಗ್ಯಾಗ ಅಕಿ ಕೈಯಾಗ ಮೇಣಬತ್ತಿ ಹಿಡಕೊಂಡ ನಿಂತಿದ್ಲಂತ? ಹುಚ್ಚ ಎಲ್ಲೀವ! ಕೂಸ ಹಿಡಿಯಾಕ ಎರಡ ಕೈ ಸಾಲೂದಿಲ್ಲ ಅಲ್ಲಿ. ಹೆಣ್ಮಕ್ಕಳನ್ನ ಯಾರನ್ನರ ಕೇಳಿ ಬರದಾನೋ ಇಲ್ಲೋ?”

ತೆನೆಯ ಭಾಗ ಬಂದಾಗ ನಗು ನಿಂತಿತು. “ಇದನ್ನ ಅವಂಗ ಯಾರ ಹೇಳಿದ್ರು?” ಅಂದಳು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು, ಆದರೆ ಒಂದು ಮಾತೂ ಬೈಯಲಿಲ್ಲ.

ಆಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. “ಮಾವ್ಶಿ, ನೀ ಯಾವಾಗರ ಯಾವುದರ ಕೂಸಿಗೆ ಹಂಗ ನೀರ ಹಾಕೀಯೇನ?”

ಅವಳು ನನ್ನನ್ನೇ ನೋಡಿದಳು. ಎದ್ದು ಕಾಲೆಳೆಯುತ್ತ ಒಳಗೆ ಹೋದಳು. ಒಲೆಯ ಮೇಲಿನ ಹಗ್ಗಕ್ಕೆ ಒಣಗಲು ಹಾಕಿದ್ದ ನನ್ನ ಸೀರೆಯನ್ನು ಮಗುಚಿ ಹಾಕಿದಳು. ಅವಳ ಕೈಯಲ್ಲೇ ಬೆಳೆದ ನಾನೇ ಹಾಗೆ ಕೇಳಿದ ಮೇಲೆ ಊರವರು ಸಂಶಯ ಪಟ್ಟರೆ ಏನು ಆಶ್ಚರ್ಯ?

ಜುಲೈ ತುಂಬ ಆ ಪುಸ್ತಕದ್ದೇ ಮಾತು. ಅನಗೋಳದಿಂದ ಬರುವ ಪದ್ಮಾವತಿ ಟೀಚರ್, ನನ್ನ ಗೆಳತಿಯೇ, ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ನಕ್ಕಳು. “ಸ್ಟೆಲ್ಲಾ ಟೀಚರ್, ನಿಮ್ಮ ಮನ್ಯಾಗ ನೀರ ಕುಡಿಯಾಕೂ ಹೆದರಿಕಿ ಆಗತೈತಿ ನೋಡ್ರಿ ಈಗ!” ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕಿತ್ತು. ಪುಸ್ತಕ ಅಚ್ಚು ಹಾಕಿದವರಿಗೆ ನಾಲ್ಕು ಪುಟದ ಪತ್ರ ಬರೆದೆ. ಉತ್ತರವಿಲ್ಲ.

ಅದೇ ತಿಂಗಳು ನಮ್ಮ ಓಣಿಯ ಸುನಂದಾಳ ಮನೆಗೆ ಮೊಮ್ಮಗಳು ಬಂದಳು. ಸುನಂದಾ ಎಂದರೆ ನಮ್ಮಿಂದ ಮೂರನೆಯ ಮನೆ. ಅವಳ ಮಗ ಮಾರುತಿ ಹುಟ್ಟಿದ್ದು ಜಾಂಬೋಟಿ ರಸ್ತೆಯಲ್ಲಿ, ಕೆಸರಲ್ಲಿ ಸಿಕ್ಕಿಬಿದ್ದ ಟೆಂಪೋದೊಳಗೆ. ಕೂಸು ಅಳಲಿಲ್ಲ. ಮಾವ್ಶಿ ಬಾಯಿಗೆ ಬಾಯಿ ಇಟ್ಟು ಉಸಿರು ಊದಿದಳು. ಆ ಗಡಿಬಿಡಿಯಲ್ಲಿ ಟೆಂಪೋದಿಂದ ಇಳಿಯುವಾಗ ಜಾರಿ ಬಿದ್ದೇ ಅವಳ ಕಾಲು ಹೋದದ್ದು. ಈಗ ಆ ಮಾರುತಿಯ ಮಗಳಿಗೆ ಎರೆಯಬೇಕು ಎಂದು ಮಾವ್ಶಿ ಎಣ್ಣೆಯ ಬಟ್ಟಲು ಹಿಡಿದು ಹೊರಟಳು. ಛತ್ರಿ ಹಿಡಿದು ನಾನೂ ಜೊತೆಗೆ ಹೋದೆ.

ಸುನಂದಾ ಅರ್ಧ ಬಾಗಿಲು ತೆರೆದು ಅಡ್ಡ ನಿಂತಳು. “ಬ್ಯಾಡ್ರಿ ನರ್ಸಬಾಯಿ. ಈ ಸಲ ನಾವ ಎರಕೋತೀವಿ.”

“ಯಾಕವಾ, ನಿನ್ನ ಸೊಂಟಾ ಬಗ್ಗತೈತೇನ?” ಅಂದಳು ಮಾವ್ಶಿ.

“ಹಂಗಲ್ರಿ… ಬೀಗರು ಒಪ್ಪವಲ್ರು. ಅವರು ಆ ಪುಸ್ತಕಾ ಓದ್ಯಾರ. ನನಗ ಬ್ಯಾರೆ ಏನೂ ಕೇಳಬ್ಯಾಡ್ರಿ.” ಬಾಗಿಲು ಮುಚ್ಚಿತು. ಒಳಗಿನಿಂದ ಕೂಸು ಅಳುವುದು ಕೇಳುತ್ತಿತ್ತು. ಮಾವ್ಶಿ ಕಿವಿಗೊಟ್ಟು ನಿಂತಳು. “ಹೊಟ್ಟಿ ಉಬ್ಬರಿಸೇತಿ ಅದಕ್ಕ, ಎಣ್ಣಿ ಹಚ್ಚಬೇಕ,” ಅಂದಳು. ಮನೆಗೆ ಬಂದು ಬಟ್ಟಲನ್ನು ಗೂಡಿನಲ್ಲಿಟ್ಟಳು. ಅಲ್ಲಿಂದ ಮುಂದೆ ಓಣಿಯ ಯಾವ ಮನೆಯವರೂ ಅವಳನ್ನು ಎರೆಯಲು ಕರೆಯಲಿಲ್ಲ.

ಆಗಸ್ಟ್‌ನಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿ ಸಭೆ ಸೇರಿತು. ಹುಡುಗರು ಬೆಳಗಾವಿಗೆ ಹೋಗಿ ಪುಸ್ತಕ ಸುಡೋಣ ಅಂದರು. ಅವರಲ್ಲಿ ಒಬ್ಬನೂ ಅದನ್ನು ಓದಿರಲಿಲ್ಲ. ಸುಡುವುದಕ್ಕೆ ಅದನ್ನೇ ಕೊಂಡು ತರಬೇಕು ಎಂಬುದೂ ಅವರಿಗೆ ಹೊಳೆದಿರಲಿಲ್ಲ. ಚರ್ಚಿನ ಹಿರಿಯ ಇನಾಸ ಬಾಬು ಕೈ ಮುಗಿದರು. “ನಾವ ಇರೂದ ನಾಕ ಮನಿ. ಸುಮ್ನಿರ್ರಿ. ಸ್ವಾಮಿ ಕ್ಷಮಿಸು ಅಂದಾನ, ಕ್ಷಮಿಸಿಬಿಡೂಣು.” ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇದು ಕ್ಷಮೆ ಅಲ್ಲ ಬಾಬು, ಹೆದರಿಕೆ. ಹೆದರಿಕೆಗೆ ಸ್ವಾಮಿಯ ಹೆಸರಿಟ್ಟು ಕೂಡುತ್ತೀರಿ ಅಂದೆ.

ಹಾಗಾದ್ರ ನೀನ ಹೇಳವಾ, ಏನ ಮಾಡೂಣು ಅಂದರು. ನಾನು ಎದ್ದು ನಿಂತು ಹೇಳಿದೆ: “ಈ ವರ್ಷ ನಮ್ಮವರ ಮನಿ ಬಿಟ್ಟ ಯಾರಿಗೂ ತೆನಿ ಕೊಡಬ್ಯಾಡ್ರಿ. ಸಂಶೇ ಪಡೋರ ಬಾಗಲಕ್ಕ ನಾವ ಯಾಕ ಹೋಗಬೇಕ? ನಮಗೂ ಮಾನಾ ಐತಿ.” ಹುಡುಗರು ಚಪ್ಪಾಳೆ ಹೊಡೆದರು. ಇನಾಸ ಬಾಬು ತಲೆಯಾಡಿಸಿದರು. ಹೆದರಿದವರಿಗೂ ರೊಚ್ಚಿಗೆದ್ದವರಿಗೂ ಒಪ್ಪಿಗೆಯಾಗುವ ಒಂದೇ ದಡ್ಡತನವನ್ನು ನಾನು ಕಂಡುಹಿಡಿದಿದ್ದೆ. ಮಾವ್ಶಿ ಮೂಲೆಯ ಬೆಂಚಿನ ಮೇಲೆ ಕುಳಿತಿದ್ದಳು.

ಹಬ್ಬ ಬಂತು. ಹಾಡು ಹಾಡಿದೆವು, ತೆನೆ ತಂದೆವು, ಬಾಗಿಲು ಹಾಕಿಕೊಂಡು ಪಾಯಸ ಉಂಡೆವು. ಮಾವ್ಶಿ ಅಭ್ಯಾಸದಂತೆ ಒಂದು ಬುಟ್ಟಿ ಹೆಚ್ಚಿಗೆ ತಂದಿದ್ದಳು. ಅದು ಮನೆಯ ದೇವರ ಪೀಠದ ಕೆಳಗೆ ಇದ್ದಲ್ಲೇ ಇತ್ತು.

ಎರಡು ದಿನದಲ್ಲಿ ಓಣಿಯ ಮಾತು ತಿರುಗಿತು. ನೋಡಿದ್ರೇನು, ಈ ಸಲ ತೆನಿ ತರಲಿಲ್ಲ, ಗುಟ್ಟು ಬಯಲಾತಲ್ಲ, ಅದಕ್ಕ ಸುಮ್ಮನಾದ್ರು ಎಂದು. ಪುಸ್ತಕವನ್ನು ಅಷ್ಟಾಗಿ ನಂಬದಿದ್ದವರೂ ಈಗ ನಂಬಿದರು. ಆ ಲೇಖಕ ಬರೆದದ್ದು ಬರೀ ಕಥೆ, ಅದಕ್ಕೆ ಸಾಕ್ಷಿ ಒದಗಿಸಿಕೊಟ್ಟವಳು ನಾನು.

ಮೂರನೆಯ ದಿನ ಜೈಬುನ್ ಆಪಾ ಬಂದಳು. ನಮ್ಮ ಎದುರು ಮನೆಯವಳು, ಮಾವ್ಶಿಯ ಓರಗೆಯವಳು. ಅಂಗಳದಲ್ಲೇ ನಿಂತು ಸೊಂಟದ ಮೇಲೆ ಕೈ ಇಟ್ಟಳು.

“ಏ ಬ್ರಿಜಿತ್! ನಮ್ಮ ಮನಿ ತೆನಿ ಎಲ್ಲೈತಿ?”

ಸಭೆಯ ವಿಷಯ ನಾನು ಹೇಳಲು ಹೋದೆ. ಅವಳು ಕೇಳಲಿಲ್ಲ. “ಯಾವನೋ ಝೂಟಾ ಬರದಾ ಅಂತ ನಮ್ಮ ಬಾಗಲಾ ಮರತ್ರಿ? ನಾನೇನ ಬರದಿದ್ನೇನ ಆ ಕಿತಾಬ? ಕಳ್ಳರು ಸಿಕ್ಕಬಿದ್ದಾಗ ಬಾಗಲಾ ಹಾಕ್ಕೊಂಡ ಕುಂದರತಾರ. ನೀವ ಯಾಕ ಕುಂತೀರಿ? ಕ್ಯಾ ಚುರಾಯೇ ತುಮ್, ಏನ ಕದ್ದೀರಿ? ನನ್ನ ಐದೂ ಮಕ್ಕಳಿಗೆ ಎರದಾಕಿ ನೀನು. ನೀರ ಹಾಕೀ ಅಂದ್ರ ಹಾಕೀ ಅಂತ ನನ್ನ ಮಾರಿ ನೋಡಿ ಹೇಳು, ಇಲ್ಲಂದ್ರ ಇಲ್ಲ ಅನ್ನು. ಮೂಗಿ ಆಗಬ್ಯಾಡ!”

ಮಾವ್ಶಿಯ ಕಣ್ಣಲ್ಲಿ ನೀರು ಬಂತು. ಆ ಮಳೆಗಾಲದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಇಲ್ಲ ಜೈಬುನ್, ಹಾಕಿಲ್ಲ,” ಅಂದಳು. “ಹೌದಲ್ಲ, ಮುಗೀತು. ತಾ ಇಲ್ಲೆ,” ಎಂದು ಆಪಾ ಒಳಗೆ ಬಂದು ಬುಟ್ಟಿಗೆ ಕೈ ಹಾಕಿ ತಾನೇ ಒಂದು ತೆನೆ ಆರಿಸಿಕೊಂಡು ಹೋದಳು. ಸಭೆಯಲ್ಲಿ ನಾವು ಇಷ್ಟು ಜನ ತಲೆ ಕೆಡಿಸಿಕೊಂಡದ್ದಕ್ಕೆ ಅವಳು ಹತ್ತು ಮಾತಿನಲ್ಲಿ ದಾರಿ ತೋರಿಸಿದಳು.

ಮುಂದಿನ ಭಾನುವಾರ ಆ ಲೇಖಕ ಓದುಗರ ಜೊತೆ ಮಾತಾಡಲು ಬೆಳಗಾವಿಗೆ ಬರುವುದಿತ್ತು. ನಾನು ಮಾತು ಬರೆದಿಟ್ಟುಕೊಂಡು ಹೊರಟೆ. ಮಾವ್ಶಿ ಛತ್ರಿ ತೆಗೆದುಕೊಂಡು ನಾನೂ ಬರತೇನಿ ಅಂದಳು. ಸಭಾಂಗಣ ತುಂಬಿತ್ತು. ಪ್ರಶ್ನೆ ಕೇಳುವ ಸಮಯ ಬಂದಾಗ ನಾನು ಎದ್ದೆ. ಸಿಟ್ಟಿನಲ್ಲಿ ಗಡಬಡಿಸಿ ಓದಿದ್ದು ಯಾರಿಗೂ ತಿಳಿಯಲಿಲ್ಲ. “ಮೇಡಮ್, ಭಾಷಣ ಬ್ಯಾಡ್ರಿ, ಪ್ರಶ್ನೆ ಕೇಳ್ರಿ,” ಎಂದರು ನಡೆಸಿಕೊಡುವವರು. ನಾನು ಕುಳಿತೆ. ಮಾವ್ಶಿ ಎದ್ದಳು.

“ನನ್ನ ಗುರತ ಸಿಕ್ತೇನ್ರಿ ಸಾಹೇಬ್ರ?”

ಸಿಕ್ಕಿತು. ಅವನ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. “ಅಮ್ಮ, ಅದು ಕಲ್ಪನೆ. ಕಾದಂಬರಿಯ ನರ್ಸ್ ನೀವಲ್ಲ,” ಅಂದ.

“ನಾ ಅಲ್ಲಂದ್ರ ಕಾಲ ಯಾಕ ನಂದ ಇಟ್ರಿ? ಛತ್ರಿ ಯಾಕ ನಂದ ಇಟ್ರಿ? ತೆನಿ ಯಾಕ ನಂದ ಇಟ್ರಿ? ಸುಳ್ಳ ಒಂದ ನಿಮ್ಮದ ಇಟ್ರಿ.”

ಸಭೆಯಲ್ಲಿ ಯಾರೋ ನಕ್ಕರು. ಮಾವ್ಶಿ ನಗಲಿಲ್ಲ. “ನಿಮ್ಮ ಪುಸ್ತಕಾ ಮುಚ್ಚರಿ ಅನ್ನೂದಿಲ್ಲ ನಾ. ನಮ್ಮ ಓಣ್ಯಾಗ ಒಂದ ಕೂಸೈತಿ. ಅದರ ಅಜ್ಜಿ ಫೋನ್ ನಂಬರ್ ತಂದೇನಿ. ‘ಅದ ನಾ ಕಟ್ಟಿ ಬರದದ್ದು, ನರ್ಸಬಾಯಿ ಯಾರ ಕೂಸಿಗೂ ಕದ್ದ ನೀರ ಹಾಕಿಲ್ಲ’ ಅಂತ ಆಕಿಗೆ ಹೇಳಿಬಿಡ್ರಿ. ಅಷ್ಟ ಸಾಕ ನನಗ.”

ಅವನು ನೀರು ಕುಡಿದ. ಓದುಗರು ಪ್ರೌಢರು, ಕಥೆಗೂ ಬದುಕಿಗೂ ಇರುವ ಅಂತರ ಅವರಿಗೆ ಗೊತ್ತು, ಲೇಖಕ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ ಅಂದ. ಕೆಲವರು ಚಪ್ಪಾಳೆ ತಟ್ಟಿದರು. ಮಾವ್ಶಿ ನಂಬರ್ ಬರೆದ ಚೀಟಿಯನ್ನು ಅವನ ಮೇಜಿನ ಮೇಲಿಟ್ಟು ಬಂದಳು. ಅವನು ಫೋನ್ ಮಾಡಲಿಲ್ಲ. ಇವತ್ತಿನವರೆಗೂ ಮಾಡಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಅವನ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು, ಎರಡೂ ಕೂಡಿತ್ತು. ಮಾವ್ಶಿ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: “ನೀ ಕೇಳಿದ್ಯಲ್ಲ ಅವತ್ತ, ಯಾವುದರ ಕೂಸಿಗೆ ಹಂಗ ನೀರ ಹಾಕೀಯೇನ ಅಂತ. ಹಾಕೇನಿ. ಒಂದ ಕೂಸಿಗೆ.”

ನಾನು ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದೆ.

“ಏಳ ತಿಂಗಳಿಗೆ ಹುಟ್ಟಿತ್ತು. ಮೈ ಎಲ್ಲಾ ನೀಲಿ. ತಾಯಿ ಆಗಲೇ ಹೋಗಿದ್ಲು. ಡಾಕ್ಟರು ಇದೂ ಉಳಿಯೂದಿಲ್ಲ ಅಂದ್ರು. ಫಾದರ್ ಬರೂಹಂಗಿದ್ದಿಲ್ಲ, ಹೊಳಿ ತುಂಬಿತ್ತು. ನಾನ ನೀರ ಹಾಕಿ ಸ್ಟೆಲ್ಲಾ ಅಂತ ಹೆಸರ ಇಟ್ಟೆ.”

ಬಸ್ಸಿಳಿದು ಅವಳು ಮನೆಗೆ ಹೋಗಿ ಬುಟ್ಟಿ ಎತ್ತಿಕೊಂಡಳು. ತೆನೆ ಬಾಡಿತ್ತು. ಮಳೆಯಲ್ಲೇ ಮನೆಮನೆಗೆ ಹೋದೆವು. ಎಲ್ಲರಿಗೂ ಒಂದೇ ಮಾತು: “ತಡಾ ಆತ್ರಿ, ತಪ್ಪ ನಮ್ಮದ. ಏನ ಕೇಳೂದೈತಿ, ನನ್ನ ಮಾರಿ ನೋಡಿ ಕೇಳ್ರಿ.” ಕೆಲವರು ಕೇಳಿದರು, ಅವಳು ಹೇಳಿದಳು, ತೆನೆ ತೆಗೆದುಕೊಂಡರು. ಸುನಂದಾ ಬಾಗಿಲು ತೆರೆಯಲಿಲ್ಲ. ಮಾವ್ಶಿ ತೆನೆಯನ್ನು ಚಿಲಕಕ್ಕೆ ಸಿಕ್ಕಿಸಿ ಬಂದಳು. ಮರುವರ್ಷವೂ ಸಿಕ್ಕಿಸಿದಳು. ಅದರ ಮುಂದಿನ ಮಳೆಗಾಲಕ್ಕೆ ಅವಳು ಇರಲಿಲ್ಲ. ಆ ಕೂಸಿನ ಮೈಗೆ ಅವಳ ಕೈ ಕೊನೆಗೂ ತಾಕಲಿಲ್ಲ.

ಅಲ್ಲಿಂದ ಬುಟ್ಟಿ ನನ್ನ ಕೈಗೆ ಬಂತು. ನಿನ್ನೆ ಹಬ್ಬ. ಸುನಂದಾಳ ಮನೆಯ ಚಿಲಕಕ್ಕೆ ತೆನೆ ಸಿಕ್ಕಿಸಲು ಹೋದಾಗ ಬಾಗಿಲು ತಾನಾಗಿ ತೆರೆಯಿತು. ಆ ಮೊಮ್ಮಗಳು, ಈಗ ಐದು ವರ್ಷದವಳು, ಎರಡು ಜಡೆ, ಬಾಯಲ್ಲಿ ಬೆರಳು. ನನ್ನನ್ನೂ ಬುಟ್ಟಿಯನ್ನೂ ನೋಡಿ ಒಳಗೆ ತಿರುಗಿ ಅಜ್ಜಿಯನ್ನು ಕೂಗಿದಳು:

“ಆಯೀ, ಕೂಸಿಗೆ ನೀರ ಹಾಕೂ ನರ್ಸಬಾಯಿ ಮನಿಯಾಕಿ ಬಂದಾಳ!”

ಅಕ್ಷರ ಇನ್ನೂ ಕಲಿಯದ ಹುಡುಗಿ. ಆ ಪುಸ್ತಕ ಅವಳ ಮನೆಯಲ್ಲಿ ಇದೆಯೋ ಇಲ್ಲವೋ. ಸುಳ್ಳು ಮಾತ್ರ ಅವಳ ಬಾಯಿಗೆ ಬಂದು ಕುಳಿತಿದೆ. ಒಳಗೆ ಸುನಂದಾ ನಿಂತಿದ್ದು ಕಾಣುತ್ತಿತ್ತು. ನನ್ನ ಮೈಯೆಲ್ಲ ಉರಿಯಿತು. ಆದರೂ ಮೊಣಕಾಲೂರಿ ಆ ಹುಡುಗಿಯೆದುರು ಕುಳಿತೆ. ಸುನಂದಾಳಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ:

“ಹೌದವಾ, ಹಾಕಿದ್ಲು. ನನಗ ಹಾಕಿದ್ಲು. ನಾನೂ ಸಾಯತೇನಿ ಅಂತ ಹಾಕಿದ್ಲು. ನಿಮ್ಮಪ್ಪಗ ನೀರ ಹಾಕಲಿಲ್ಲ, ಉಸರ ಹಾಕಿದ್ಲು. ಖರೇನೋ ಸುಳ್ಳೋ, ನಿಮ್ಮ ಆಯೀನ ಕೇಳು.”

ಹುಡುಗಿ ಹಿಂದೆ ತಿರುಗಿ ನೋಡಿದಳು. “ಆಯೀ, ಖರೇನ?”

ಸುನಂದಾ ಬಾಗಿಲು ಮುಚ್ಚಲಿಲ್ಲ. ನಾನು ತೆನೆ ಹಿಡಿದ ಕೈ ಚಾಚಿಕೊಂಡೇ ಕುಳಿತೆ.